ತೋರಾ ಮತ್ತು ತಾಲ್ಮುದ್ ಅಧ್ಯಯನ: ನೀತಿ ಮತ್ತು ನಾಯಕತ್ವದ ಪಾಠಗಳು

ತೋರಾ ಮತ್ತು ತಾಲ್ಮುದ್ ಯಹೂದಿ ಧರ್ಮದ ಮೂಲಾಧಾರ ಗ್ರಂಥಗಳು. ಇವುಗಳನ್ನು ಓದುವುದು, ಚರ್ಚಿಸುವುದು, ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದುವುದು ಯಹೂದಿಗಳಿಗೆ ಪ್ರಾರ್ಥನೆಯಷ್ಟೇ ಮುಖ್ಯವಾದ ಧರ್ಮಕಾರ್ಯ. ಪುರೋಹಿತರಿಗೆ ಮಾತ್ರ ಮೀಸಲಾದ ವಿದ್ಯೆ ಎಂದು ಇದನ್ನು ಎಣಿಸಿಲ್ಲ. ವ್ಯಾಪಾರಿ, ಕಸುಬುದಾರ, ವೈದ್ಯ ಹೀಗೆ ಯಾರೇ ಆದರೂ ದಿನದಲ್ಲಿ ಸ್ವಲ್ಪ ಹೊತ್ತನ್ನು ಓದಿಗೆ ಎತ್ತಿಡಬೇಕೆಂಬುದು ರೂಢಿ. ಈ ಓದಿನಿಂದ ನಡತೆಗೂ ಸಮುದಾಯ ನಡೆಸುವ ಕೆಲಸಕ್ಕೂ ಪಾಠ ತೆಗೆಯುವ ಪರಂಪರೆ ಸುಮಾರು ಎರಡು ಸಾವಿರ ವರ್ಷಗಳಿಂದ ನಡೆದುಬಂದಿದೆ. ತಮ್ಮ ಅತಿ ದೊಡ್ಡ ನಾಯಕರ ತಪ್ಪುಗಳನ್ನೂ ಚರ್ಚೆಯಲ್ಲಿ ಸೋತ ಅಭಿಪ್ರಾಯಗಳನ್ನೂ ಅಳಿಸದೆ ಉಳಿಸಿಕೊಂಡಿರುವುದು ಈ ಗ್ರಂಥಗಳ ವಿಶೇಷ ಲಕ್ಷಣ. ಅವುಗಳ ನೈತಿಕ ಬಲದ ಬಹುಪಾಲು ಬಂದಿರುವುದು ಇಲ್ಲಿಂದಲೇ.

ಗ್ರಂಥಗಳು

ತೋರಾ ಎಂದರೆ ಹೀಬ್ರೂ ಬೈಬಲಿನ ಮೊದಲ ಐದು ಪುಸ್ತಕಗಳು: ಆದಿಕಾಂಡ, ವಿಮೋಚನಾಕಾಂಡ, ಯಾಜಕಕಾಂಡ, ಅರಣ್ಯಕಾಂಡ ಮತ್ತು ಧರ್ಮೋಪದೇಶಕಾಂಡ. ಇವನ್ನು 54 ಭಾಗಗಳಾಗಿ ವಿಂಗಡಿಸಿ ವಾರವಾರವೂ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳಲ್ಲಿ ಓದುತ್ತಾರೆ. ಸಿಮ್ಹಾತ್ ತೋರಾ ಹಬ್ಬದಂದು ಕೊನೆಯ ಭಾಗ ಮುಗಿಸಿ, ಅದೇ ದಿನ ಆದಿಕಾಂಡದ ಮೊದಲ ಅಧ್ಯಾಯವನ್ನು ಆರಂಭಿಸುತ್ತಾರೆ.

ಬರಹದ ತೋರಾದ ಜೊತೆಗೆ ಬಾಯಿಂದ ಬಾಯಿಗೆ ಬಂದ ವ್ಯಾಖ್ಯಾನವೂ ಇದೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ನಾಶಮಾಡಿದ ನಂತರ ಬಲಿಪೂಜೆ ನಿಂತು, ಯಹೂದಿ ಬದುಕಿನ ಕೇಂದ್ರವು ಪಾಠಶಾಲೆಗೆ ಸರಿಯಿತು. ಸುಮಾರು 200ರ ಹೊತ್ತಿಗೆ ಗಲಿಲಾಯದಲ್ಲಿ ರಬ್ಬಿ (ಧರ್ಮಗುರು) ಯೆಹೂದ ಹನಾಸಿ ಈ ಮೌಖಿಕ ನಿಯಮಗಳನ್ನು ಮಿಷ್ನಾ ಎಂಬ ಹೆಸರಿನಲ್ಲಿ ಒಟ್ಟುಗೂಡಿಸಿದ. ಅದರಲ್ಲಿ 6 ವಿಭಾಗಗಳೂ 63 ಪ್ರಕರಣಗಳೂ ಇವೆ. ಮಿಷ್ನಾದ ಮೇಲೆ ನಡೆದ ಚರ್ಚೆಗಳ ಸಂಗ್ರಹಕ್ಕೆ ಗೆಮಾರಾ ಎಂದು ಹೆಸರು. ಮಿಷ್ನಾ ಮತ್ತು ಗೆಮಾರಾ ಸೇರಿದರೆ ತಾಲ್ಮುದ್. ಜೆರುಸಲೇಮ್ ತಾಲ್ಮುದ್ ಸುಮಾರು 400ರಲ್ಲಿಯೂ, ಅದಕ್ಕಿಂತ ದೊಡ್ಡದಾದ ಬ್ಯಾಬಿಲೋನಿಯದ ತಾಲ್ಮುದ್ ಸುಮಾರು 500ರಲ್ಲಿಯೂ ರೂಪುಗೊಂಡವು. ಎರಡನೆಯದರ ಚರ್ಚೆಗಳು ಇಂದಿನ ಇರಾಕಿನ ಸೂರಾ, ಪುಂಬೆದಿತಾ ಮೊದಲಾದ ವಿದ್ಯಾಪೀಠಗಳಲ್ಲಿ ನಡೆದವು. ಅವುಗಳ ಭಾಷೆ ಬಹುಮಟ್ಟಿಗೆ ಅರಾಮಿಕ್.

ಮಿಷ್ನಾದ ಪ್ರಕರಣಗಳಲ್ಲಿ ಪಿರ್ಕೆ ಆವೋತ್ ಮಾತ್ರ ಪೂರ್ತಿಯಾಗಿ ನೀತಿವಚನಗಳಿಗೆ ಮೀಸಲು. ಪಸ್ಕಹಬ್ಬದ ನಂತರದ ಸಬ್ಬತ್ ದಿನಗಳಲ್ಲಿ ಇದನ್ನು ಅಧ್ಯಾಯ ಅಧ್ಯಾಯವಾಗಿ ಓದುವ ಪದ್ಧತಿ ಹಲವು ಸಮುದಾಯಗಳಲ್ಲಿದೆ. ಆದರೆ ನೀತಿಯ ವಿಚಾರ ಈ ಒಂದೇ ಪ್ರಕರಣದಲ್ಲಿ ಅಡಗಿ ಕೂತಿಲ್ಲ. ಸಾಲ, ಕೂಲಿ, ಬೇಲಿ, ಬಾವಿ, ಮದುವೆ, ಸಾಕ್ಷಿ ಮುಂತಾದ ದಿನಬಳಕೆಯ ಕಾನೂನಿನ ಚರ್ಚೆಯ ನಡುವೆಯೇ ಅದು ಮೇಲೆದ್ದು ಬರುತ್ತದೆ.

ಅಧ್ಯಯನದ ರೀತಿ

ತಾಲ್ಮುದನ್ನು ಸಾಂಪ್ರದಾಯಿಕವಾಗಿ ಇಬ್ಬರು ಜೊತೆಗೂಡಿ ಓದುತ್ತಾರೆ. ಈ ಜೋಡಿಗೆ ಹವ್ರೂತಾ ಎನ್ನುತ್ತಾರೆ. ಒಬ್ಬ ಗಟ್ಟಿಯಾಗಿ ಓದಿ ಅರ್ಥ ಹೇಳಿದರೆ ಇನ್ನೊಬ್ಬ ಅಡ್ಡಪ್ರಶ್ನೆ ಹಾಕುತ್ತಾನೆ. ಯೆಷಿವಾ ಎಂಬ ಪಾಠಶಾಲೆಯ ಸಭಾಂಗಣದಲ್ಲಿ ನೂರಾರು ಜೋಡಿಗಳು ಒಟ್ಟಿಗೆ ವಾದಿಸುವುದರಿಂದ ಅಲ್ಲಿ ಮೌನಕ್ಕೆ ಜಾಗವಿಲ್ಲ. ಈ ಪದ್ಧತಿಯ ಬೆಲೆಯನ್ನು ತಾಲ್ಮುದಿನ ಒಂದು ಕಥೆ ಹೇಳುತ್ತದೆ. ರಬ್ಬಿ ಯೋಹಾನಾನನ ಒಡನಾಡಿಯಾಗಿದ್ದ ರೇಷ್ ಲಕೀಷ್ ತೀರಿಕೊಂಡಾಗ, ಯೋಹಾನಾನನನ್ನು ಸಮಾಧಾನಪಡಿಸಲು ಬೇರೊಬ್ಬ ವಿದ್ವಾಂಸನನ್ನು ಕಳುಹಿಸಿದರು. ಬಂದವನು ಯೋಹಾನಾನನ ಪ್ರತಿಯೊಂದು ಮಾತಿಗೂ ಆಧಾರ ಒದಗಿಸಿ ತಲೆದೂಗಿದ. ಯೋಹಾನಾನನ ದುಃಖ ಇನ್ನೂ ಹೆಚ್ಚಿತು. ತನ್ನ ಪ್ರತಿ ಮಾತಿಗೆ ಇಪ್ಪತ್ತನಾಲ್ಕು ಆಕ್ಷೇಪ ಎತ್ತುತ್ತಿದ್ದ ಗೆಳೆಯನಿಂದಲೇ ವಿಷಯ ವಿಸ್ತಾರವಾಗುತ್ತಿತ್ತು, ಹೌದಪ್ಪನಿಂದ ಏನು ಉಪಯೋಗ ಎಂದು ಆತ ಹಂಬಲಿಸಿದ.

ತಾಲ್ಮುದಿನ ಪುಟವೂ ಈ ವಾದದ ರೂಪವನ್ನೇ ತಳೆದಿದೆ. ನಡುವೆ ಮಿಷ್ನಾ ಮತ್ತು ಗೆಮಾರಾ. ಪುಸ್ತಕದ ಹೊಲಿಗೆಯ ಬದಿಗೆ ಫ್ರಾನ್ಸಿನ ತ್ರ್ವಾ ಪಟ್ಟಣದ ರಾಷಿ (1040–1105) ಬರೆದ ವ್ಯಾಖ್ಯಾನ. ಹೊರಬದಿಗೆ ರಾಷಿಯನ್ನೇ ಪ್ರಶ್ನಿಸುವ ತೋಸಾಫೋತ್ ಎಂಬ ಟಿಪ್ಪಣಿಗಳು. ಇವುಗಳಲ್ಲಿ ಕೆಲವನ್ನು ಬರೆದವರು ರಾಷಿಯ ಸ್ವಂತ ಮೊಮ್ಮಕ್ಕಳು. ವೆನಿಸ್ಸಿನ ಕ್ರೈಸ್ತ ಮುದ್ರಕ ಡೇನಿಯಲ್ ಬಾಂಬರ್ಗ್ 1520ರಿಂದ 1523ರ ನಡುವೆ ಅಚ್ಚು ಹಾಕಿದ ಆವೃತ್ತಿಯಿಂದ ಪುಟದ ಈ ವಿನ್ಯಾಸವೂ ಪುಟಸಂಖ್ಯೆಯೂ ನೆಲೆಯಾದವು. ಇಂದು ಜಗತ್ತಿನ ಯಾವ ಮೂಲೆಯ ಯೆಷಿವಾಗೆ ಹೋದರೂ ಒಂದು ಪ್ರಸಂಗ ಅದೇ ಸಂಖ್ಯೆಯ ಪುಟದಲ್ಲಿ ಸಿಗುತ್ತದೆ. ಹೀಗೆ ಬೇರೆ ಬೇರೆ ಶತಮಾನಗಳವರು ಒಂದೇ ಪುಟದಲ್ಲಿ ಎದುರುಬದುರಾಗಿ ಕೂತಿದ್ದಾರೆ. ಒಬ್ಬರ ಮಾತು ಇನ್ನೊಬ್ಬರ ಮಾತನ್ನು ಅಳಿಸಿಲ್ಲ.

ತೋರಾದ ನಾಯಕರು

ತೋರಾದಲ್ಲಿ ಕಳಂಕವಿಲ್ಲದ ನಾಯಕರು ಸಿಗುವುದು ಅಪರೂಪ. ಯಾಕೋಬನ ಮಗ ಯೆಹೂದ ತಮ್ಮನಾದ ಯೋಸೇಫನನ್ನು ಮಾರುವ ಸಲಹೆ ಕೊಟ್ಟವನು. ಸೊಸೆ ತಾಮಾರಳಿಗೆ ಅನ್ಯಾಯ ಮಾಡಿ, ಅವಳನ್ನು ದಂಡಿಸುವ ಹಂತಕ್ಕೂ ಹೋದವನು. ಆದರೆ ಸಾಕ್ಷ್ಯ ಎದುರಾದಾಗ ಎಲ್ಲರ ಮುಂದೆ ಅವಳದೇ ನ್ಯಾಯವೆಂದು ಒಪ್ಪಿಕೊಂಡ. ಮುಂದೆ ಈಜಿಪ್ಟಿನಲ್ಲಿ ಕಿರಿಯ ತಮ್ಮ ಬೆನ್ಯಾಮೀನನ ಬದಲಿಗೆ ತಾನೇ ಗುಲಾಮನಾಗಿ ಉಳಿಯುತ್ತೇನೆಂದು ಮುಂದೆ ಬಂದ. ಅರಸರ ವಂಶ ಯೆಹೂದನಿಂದ ಬಂದದ್ದಕ್ಕೆ ಈ ತಪ್ಪೊಪ್ಪಿಗೆಯೂ ಈ ಹೊಣೆಗಾರಿಕೆಯೂ ಕಾರಣವೆಂದು ವ್ಯಾಖ್ಯಾನಕಾರರು ಹೇಳುತ್ತಾರೆ.

ನಾಯಕತ್ವದ ಪಾಠಗಳಿಗೆ ಅತಿ ಹೆಚ್ಚು ಆಧಾರವಾಗಿರುವುದು ಮೋಶೆಯ ಜೀವನ. ಈಜಿಪ್ಟಿನಿಂದ ಹೊರಬಂದ ಹೊಸದರಲ್ಲಿ ಅವನು ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದ. ಅದನ್ನು ಕಂಡ ಮಾವ ಇತ್ರೋನ, ಹೀಗೆ ಮಾಡಿದರೆ ನೀನೂ ಸೊರಗುತ್ತೀಯ, ಜನರೂ ಸೊರಗುತ್ತಾರೆ ಎಂದು ಎಚ್ಚರಿಸಿದ. ಲಂಚಕ್ಕೆ ಕೈಯೊಡ್ಡದ ಸತ್ಯವಂತರನ್ನು ಆರಿಸಿ ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ನೇಮಿಸಲು ಸಲಹೆ ಕೊಟ್ಟ. ಇತ್ರೋನ ಇಸ್ರಾಯೇಲ್ಯನಲ್ಲ, ಮಿದ್ಯಾನ್ಯರ ಪುರೋಹಿತ. ಹತ್ತು ಆಜ್ಞೆಗಳ ಪ್ರಸಂಗ ಬರುವ ವಾರದ ಓದಿಗೆ ಯಹೂದಿಗಳು ಈ ಹೊರಗಿನವನ ಹೆಸರನ್ನೇ ಇಟ್ಟುಕೊಂಡಿದ್ದಾರೆ.

ಮೋಶೆಗೆ ಉತ್ತರ ಗೊತ್ತಿಲ್ಲದ ಸಂದರ್ಭಗಳನ್ನೂ ತೋರಾ ಮುಚ್ಚಿಡುವುದಿಲ್ಲ. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐವರು ಹೆಣ್ಣುಮಕ್ಕಳಾದ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಲ್ಲ ಮುಖಂಡರ ಎದುರು ನಿಂತು ತಂದೆಯ ಪಾಲು ಕೇಳಿದರು. ಮೋಶೆ ತಾನೇ ತೀರ್ಪು ಕೊಡದೆ ವಿಷಯವನ್ನು ದೇವರ ಮುಂದಿಟ್ಟ. ಹೆಣ್ಣುಮಕ್ಕಳದೇ ನ್ಯಾಯವೆಂದು ಉತ್ತರ ಬಂತು, ಕಾನೂನೇ ಬದಲಾಯಿತು. ಇದೇ ಅಧ್ಯಾಯದಲ್ಲಿ ಮೋಶೆ ತನ್ನ ಉತ್ತರಾಧಿಕಾರಿಗಾಗಿ ಬೇಡುತ್ತಾನೆ. ಯೆಹೋಶುವನ ತಲೆಯ ಮೇಲೆ ಕೈಯಿಡಲು ಅಪ್ಪಣೆಯಾದಾಗ ಮೋಶೆ ಒಂದು ಕೈಯ ಬದಲು ಎರಡೂ ಕೈಗಳನ್ನಿಟ್ಟನೆಂಬುದನ್ನು ರಾಷಿ ಗುರುತಿಸುತ್ತಾನೆ. ಅಧಿಕಾರ ಬಿಟ್ಟುಕೊಡುವಾಗ ಕೃಪಣತನ ಕೂಡದು ಎಂಬ ಪಾಠ ಅಲ್ಲಿಂದ ಹುಟ್ಟಿತು. ಕೊನೆಗೆ ಮೋಶೆಗೂ ಶಿಕ್ಷೆ ತಪ್ಪಲಿಲ್ಲ. ನೀರಿಗಾಗಿ ಗೊಣಗಿದ ಜನರನ್ನು ಗದರಿಸಿ, ಬಂಡೆಯೊಡನೆ ಮಾತಾಡುವ ಬದಲು ಅದನ್ನು ಕೋಲಿನಿಂದ ಹೊಡೆದದ್ದಕ್ಕೆ ಅವನು ವಾಗ್ದತ್ತ ನಾಡಿಗೆ ಕಾಲಿಡದಂತಾಯಿತು. ಅವನ ತಪ್ಪು ನಿಖರವಾಗಿ ಯಾವುದು, ಸಿಟ್ಟೋ ಅವಿಧೇಯತೆಯೋ, ಎಂಬ ಬಗ್ಗೆ ಮಧ್ಯಯುಗದ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ.

ಅಧಿಕಾರದ ಮಿತಿ ಮತ್ತು ಲೆಕ್ಕ ಒಪ್ಪಿಸುವಿಕೆ

ಧರ್ಮೋಪದೇಶಕಾಂಡದ 17ನೇ ಅಧ್ಯಾಯ ಅರಸನಿಗೆ ಕಟ್ಟುಪಾಡು ಹಾಕುತ್ತದೆ. ಅವನು ಕುದುರೆಗಳನ್ನೂ ಹೆಂಡಂದಿರನ್ನೂ ಬೆಳ್ಳಿಬಂಗಾರವನ್ನೂ ಮಿತಿಮೀರಿ ಕೂಡಿಡಬಾರದು. ತೋರಾದ ಒಂದು ಪ್ರತಿಯನ್ನು ಬರೆಸಿಕೊಂಡು ಬದುಕಿನುದ್ದಕ್ಕೂ ಓದಬೇಕು, ತಮ್ಮವರಿಗಿಂತ ತಾನು ಮೇಲೆಂದು ಬೀಗಬಾರದು. ಯಾಜಕಕಾಂಡದ 4ನೇ ಅಧ್ಯಾಯದಲ್ಲಿ ನಾಯಕನು ತಿಳಿಯದೆ ತಪ್ಪು ಮಾಡಿದರೆ ಸಲ್ಲಿಸಬೇಕಾದ ಬಲಿಯ ವಿಧಿಯಿದೆ. ತನ್ನ ತಪ್ಪಿಗೆ ಬಹಿರಂಗವಾಗಿ ಪ್ರಾಯಶ್ಚಿತ್ತ ಮಾಡಿಕೊಳ್ಳುವ ನಾಯಕನಿರುವ ಪೀಳಿಗೆಯೇ ಧನ್ಯ ಎಂದು ಇದರ ಮೇಲೆ ಗುರು ಯೋಹಾನಾನ್ ಬೆನ್ ಝಕ್ಕಾಯ್ ಹೇಳಿದ್ದು ಪ್ರಸಿದ್ಧ.

ಹೊಣೆ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಇನ್ನೊಂದು ವಿಧಿ ನಿದರ್ಶನ. ಬಯಲಿನಲ್ಲಿ ಅಪರಿಚಿತನ ಶವ ಸಿಕ್ಕಿ ಕೊಲೆಗಾರ ಯಾರೆಂದು ತಿಳಿಯದಿದ್ದರೆ, ಅತಿ ಹತ್ತಿರದ ಊರಿನ ಹಿರಿಯರು ಕೈತೊಳೆದು ಆ ರಕ್ತವನ್ನು ತಾವು ಸುರಿಸಿಲ್ಲವೆಂದು ಹೇಳಬೇಕು. ಹಿರಿಯರ ಮೇಲೆ ಕೊಲೆಯ ಸಂಶಯ ಯಾರಿಗಿದೆ ಎಂದು ಮಿಷ್ನಾ ಕೇಳಿ, ತಾನೇ ಉತ್ತರಿಸುತ್ತದೆ: ನಮ್ಮೂರಿಗೆ ಬಂದವನನ್ನು ಊಟವಿಲ್ಲದೆ ಕಳುಹಿಸಲಿಲ್ಲ, ಜೊತೆಯಿಲ್ಲದೆ ದಾರಿಗೆ ಬಿಡಲಿಲ್ಲ ಎಂದು ಅವರು ಹೇಳಬೇಕಾಗಿದೆ. ಊರಿನ ದಾರಿಯಲ್ಲಿ ಅನಾಮಧೇಯನೊಬ್ಬ ಸತ್ತರೂ ಮುಖಂಡರು ತಮ್ಮ ಆತಿಥ್ಯಕ್ಕೆ ಲೆಕ್ಕ ಒಪ್ಪಿಸಬೇಕು.

ತಾಲ್ಮುದ್ ಈ ಕಟ್ಟುಪಾಡನ್ನು ಆಡಳಿತದ ವಿವರಗಳಿಗೆ ಇಳಿಸುತ್ತದೆ. ಸಮುದಾಯವನ್ನು ಕೇಳದೆ ಅದರ ಮೇಲೆ ಮುಖಂಡನನ್ನು ನೇಮಿಸಬಾರದು. ದೇವಗುಡಾರದ ಶಿಲ್ಪಿ ಬೆಚಲೇಲನನ್ನು ಆರಿಸುವಾಗ ದೇವರೂ ಮೋಶೆಯ ಮತ್ತು ಜನರ ಒಪ್ಪಿಗೆ ಕೇಳಿದನೆಂಬ ಕಥೆ ಇದಕ್ಕೆ ಆಧಾರ. ಧರ್ಮನಿಧಿಯನ್ನು ಇಬ್ಬರಿಗೆ ಕಡಿಮೆಯಿಲ್ಲದಂತೆ ಸಂಗ್ರಹಿಸಬೇಕು, ಮೂವರು ಕೂತು ಹಂಚಬೇಕು. ಮರಣದಂಡನೆಯ ವಿಚಾರಣೆಯಲ್ಲಿ ಕಿರಿಯ ನ್ಯಾಯಾಧೀಶರು ಮೊದಲು ಅಭಿಪ್ರಾಯ ಹೇಳಬೇಕು, ಹಿರಿಯರ ಮಾತು ಕೇಳಿದ ಮೇಲೆ ಅವರು ಅಳುಕಬಾರದು ಎಂಬ ಕಾರಣಕ್ಕೆ. ಎಲ್ಲ ನ್ಯಾಯಾಧೀಶರೂ ಒಮ್ಮತದಿಂದ ಅಪರಾಧಿಯೆಂದರೆ ಆರೋಪಿಯನ್ನು ಬಿಟ್ಟುಬಿಡಬೇಕೆಂಬ ಅಚ್ಚರಿಯ ನಿಯಮವೂ ಇದೆ. ಯಾರೊಬ್ಬರೂ ಅವನ ಪರ ಯೋಚಿಸದ ವಿಚಾರಣೆಯನ್ನು ವಿಚಾರಣೆಯೆಂದು ನಂಬುವುದು ಕಷ್ಟ.

ಬಿದ್ದು ಸಿಕ್ಕ ವಸ್ತು, ಒಡೆದ ಪೀಪಾಯಿ

ಮಕ್ಕಳಿಗೆ ತಾಲ್ಮುದ್ ಕಲಿಸುವಾಗ ಬಾವಾ ಮೆಟ್ಸಿಯಾ ಪ್ರಕರಣದ ಎರಡನೇ ಅಧ್ಯಾಯದಿಂದ ಆರಂಭಿಸುವ ರೂಢಿ ಅನೇಕ ಕಡೆ ಇದೆ. ದಾರಿಯಲ್ಲಿ ಬಿದ್ದು ಸಿಕ್ಕ ವಸ್ತು ಯಾರದು ಎಂಬುದು ಅಲ್ಲಿನ ವಿಷಯ. ಚೆಲ್ಲಾಪಿಲ್ಲಿಯಾದ ನಾಣ್ಯ ಸಿಕ್ಕವನಿಗೆ ಸೇರುತ್ತದೆ. ಗುರುತು ಹೇಳಬಲ್ಲ ವಸ್ತುವಾದರೆ ಸಾರಿ ಹೇಳಿ ಒಡೆಯನನ್ನು ಹುಡುಕಬೇಕು. ಸಿಕ್ಕ ಪ್ರಾಣಿ ದುಡಿದು ತಿನ್ನುವಂಥದ್ದಾದರೆ ದುಡಿಸಿ ಸಾಕಬೇಕು, ಬರೀ ತಿನ್ನುವಂಥದ್ದಾದರೆ ಮಾರಿ ಹಣವನ್ನು ಒಡೆಯನಿಗಾಗಿ ಕಾದಿಡಬೇಕು. ತನ್ನ ವಸ್ತು ಕಳೆದುಹೋಗಿರುವುದೇ ಒಡೆಯನಿಗೆ ಇನ್ನೂ ತಿಳಿದಿಲ್ಲದಿದ್ದರೆ, ಅವನು ಅದರ ಆಸೆ ಬಿಟ್ಟಿದ್ದಾನೆಂದು ಎಣಿಸಬಹುದೇ ಎಂಬ ಬಗ್ಗೆ ಅಬಾಯೆ ಮತ್ತು ರಾವಾ ಎಂಬ ಗುರುಗಳ ನಡುವೆ ಪುಟಗಟ್ಟಲೆ ವಾದ ನಡೆಯುತ್ತದೆ. ಸಾಮಾನ್ಯವಾಗಿ ರಾವಾನ ಮಾತೇ ನಿಲ್ಲುತ್ತದೆ, ಆದರೆ ಇಲ್ಲಿ ಒಡೆಯನ ಹಕ್ಕು ಎತ್ತಿಹಿಡಿದ ಅಬಾಯೆಯ ಮಾತು ನಿಂತಿತು. ಹತ್ತು ವರ್ಷದ ಹುಡುಗ ಮೊದಲು ಕಲಿಯುವುದು ಕಣ್ಣಿಗೆ ಕಾಣದ ಇನ್ನೊಬ್ಬನ ಮನಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು.

ಇದೇ ಪ್ರಕರಣ ಮಾತಿನಿಂದಾಗುವ ನೋವನ್ನೂ ಅನ್ಯಾಯದ ಪಟ್ಟಿಗೆ ಸೇರಿಸುತ್ತದೆ. ಕೊಳ್ಳುವ ಮನಸ್ಸಿಲ್ಲದೆ ಅಂಗಡಿಯವನಲ್ಲಿ ಬೆಲೆ ಕೇಳಬಾರದು. ತಪ್ಪು ತಿದ್ದಿಕೊಂಡವನಿಗೆ ಹಳೆಯದನ್ನು ನೆನಪಿಸಬಾರದು. ಹೊರಗಿನಿಂದ ಧರ್ಮಕ್ಕೆ ಬಂದವರ ಮಕ್ಕಳಿಗೆ ಅವರ ಹಿರಿಯರ ಪೂರ್ವವನ್ನು ಎತ್ತಿ ಆಡಬಾರದು.

ಕಾನೂನಿನ ಗೆರೆಯನ್ನು ದಾಟಿ ಮುಂದೆ ಹೋಗುವ ಕರ್ತವ್ಯಕ್ಕೆ ರಬ್ಬಾ ಬರ್ ಬರ್ ಹನಾನ ಕಥೆ ಉದಾಹರಣೆ. ಕೂಲಿಯಾಳುಗಳು ಅವನ ದ್ರಾಕ್ಷಾರಸದ ಪೀಪಾಯಿಯನ್ನು ಒಡೆದುಹಾಕಿದರು. ನಷ್ಟಕ್ಕೆ ಈಡಾಗಿ ಅವನು ಅವರ ಮೇಲುಹೊದಿಕೆಗಳನ್ನು ಕಿತ್ತಿಟ್ಟುಕೊಂಡ. ದೂರು ಕೇಳಿದ ರಾವ್ ಎಂಬ ಗುರು ಬಟ್ಟೆ ಹಿಂದಿರುಗಿಸು ಎಂದ. ಇದು ಕಾನೂನೇ ಎಂದು ರಬ್ಬಾ ಕೇಳಿದ, ಹೌದೆಂದು ರಾವ್ ಉತ್ತರಿಸಿದ. ಬಟ್ಟೆ ಸಿಕ್ಕ ಆಳುಗಳು, ನಾವು ಬಡವರು, ದಿನವಿಡೀ ದುಡಿದು ಹಸಿದಿದ್ದೇವೆ, ಕೈಯಲ್ಲಿ ಏನೂ ಇಲ್ಲ ಎಂದರು. ಕೂಲಿಯನ್ನೂ ಕೊಡು ಎಂದ ರಾವ್. ರಬ್ಬಾ ಮತ್ತೆ ಅದೇ ಪ್ರಶ್ನೆ ಕೇಳಿದ, ರಾವ್ ಮತ್ತೆ ಅದೇ ಉತ್ತರ ಕೊಟ್ಟ. ಎರಡು ಸಲವೂ ಅವನು ಆಧಾರ ಕೊಟ್ಟದ್ದು ಒಳ್ಳೆಯವರ ದಾರಿಯಲ್ಲಿ ನಡೆಯುವಂತೆ ಹೇಳುವ ಜ್ಞಾನೋಕ್ತಿಗಳಿಂದ. ಉದ್ಯಮ ನೀತಿಯ ಪಾಠಗಳಲ್ಲಿ ಈ ಪ್ರಸಂಗ ಇಂದಿಗೂ ಮತ್ತೆ ಮತ್ತೆ ಬರುತ್ತದೆ.

ಭಿನ್ನಮತದ ಗೌರವ

ಹಿಲ್ಲೆಲ್ ಮತ್ತು ಶಮ್ಮಾಯ್ ಕ್ರಿಸ್ತಶಕದ ಆರಂಭದ ಹೊತ್ತಿನ ಗುರುಗಳು. ಇವರ ಎರಡು ಪಂಥಗಳು ಮೂರು ವರ್ಷ ವಾದಿಸಿದ ಮೇಲೆ, ಎರಡೂ ಪಕ್ಷ ಜೀವಂತ ದೇವರ ಮಾತುಗಳೇ, ಆದರೆ ಆಚರಣೆಗೆ ಹಿಲ್ಲೆಲ್ ಪಂಥದ ತೀರ್ಪು ನಿಲ್ಲಲಿ ಎಂಬ ಅಶರೀರವಾಣಿ ಕೇಳಿಸಿತೆಂದು ತಾಲ್ಮುದ್ ಹೇಳುತ್ತದೆ. ಹಿಲ್ಲೆಲ್ ಪಂಥದವರು ಸೌಮ್ಯರು, ತಮ್ಮ ಅಭಿಪ್ರಾಯಕ್ಕಿಂತ ಮೊದಲು ಎದುರಾಳಿಯ ಅಭಿಪ್ರಾಯವನ್ನು ಕಲಿಸುತ್ತಿದ್ದರು ಎಂಬುದು ಅದಕ್ಕೆ ಕೊಟ್ಟ ಕಾರಣ. ತರ್ಕದ ಹರಿತಕ್ಕಿಂತ ವಾದಿಸುವವರ ನಡತೆಗೆ ಇಲ್ಲಿ ಮನ್ನಣೆ ಸಿಕ್ಕಿದೆ.

ಅಖ್ನಾಯ್ ಒಲೆಯ ಪ್ರಸಂಗ ಇನ್ನೂ ಆಳವಾದದ್ದು. ಒಂದು ಬಗೆಯ ಒಲೆಗೆ ಮೈಲಿಗೆ ತಗಲುತ್ತದೆಯೇ ಎಂಬ ಚರ್ಚೆಯಲ್ಲಿ ರಬ್ಬಿ ಎಲಿಯೆಜರ್ ಒಂಟಿಯಾದ. ತನ್ನ ಮಾತೇ ಸರಿಯೆಂದು ತೋರಿಸಲು ಅವನು ಕರೆದಾಗ ಮರ ಬೇರುಸಮೇತ ಸರಿಯಿತು, ಕಾಲುವೆ ಹಿಂದಕ್ಕೆ ಹರಿಯಿತು, ಪಾಠಶಾಲೆಯ ಗೋಡೆಗಳು ವಾಲಿದವು, ಕೊನೆಗೆ ಅಶರೀರವಾಣಿಯೂ ಅವನ ಪರ ನುಡಿಯಿತು. ರಬ್ಬಿ ಯೆಹೋಶುವ ಎದ್ದು ನಿಂತು ತೋರಾ ಈಗ ಸ್ವರ್ಗದಲ್ಲಿಲ್ಲ ಎಂದ. ನಿರ್ಣಯ ಬಹುಮತದ್ದು ಎಂಬ ತತ್ವಕ್ಕೆ ಇದನ್ನು ಎತ್ತಿ ಹೇಳುತ್ತಾರೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಗೆದ್ದ ಬಹುಮತ ಎಲಿಯೆಜರನನ್ನು ಬಹಿಷ್ಕರಿಸಿತು. ಸುದ್ದಿಯನ್ನು ಒರಟರು ಮುಟ್ಟಿಸದಿರಲೆಂದು ರಬ್ಬಿ ಅಕಿವಾ ತಾನೇ ಕಪ್ಪುಬಟ್ಟೆ ಉಟ್ಟು ಹೋಗಿ, ದೂರದಲ್ಲಿ ಕೂತು, ಮೆಲ್ಲಗೆ ತಿಳಿಸಿದ. ಎಲಿಯೆಜರನ ಕಣ್ಣೀರಿಗೆ ಬೆಳೆಗಳು ಹಾಳಾದವು. ಬಹಿಷ್ಕಾರದ ಕಾಲದ ಮುಖ್ಯಸ್ಥನೂ ಎಲಿಯೆಜರನ ಭಾವಮೈದುನನೂ ಆದ ರಬ್ಬಾನ್ ಗಮಾಲಿಯೇಲ್ ಕೊನೆಗೆ ಸತ್ತ. ತಾಲ್ಮುದಿನಲ್ಲಿ ಈ ಕಥೆ ಬರುವುದು ಮಾತಿನಿಂದಾಗುವ ನೋವಿನ ಚರ್ಚೆಯ ನಡುವೆ. ಬಹುಮತದ ತೀರ್ಪು ಸರಿಯಾಗಿದ್ದರೂ ಸೋತವನನ್ನು ಅವಮಾನಿಸಿದ್ದು ಪಾಪವೇ ಎಂಬುದನ್ನು ಈ ಸ್ಥಾನವೇ ಹೇಳುತ್ತದೆ. ಮೊದಲ ಅರ್ಧವನ್ನು ಮಾತ್ರ ಓದಿ ನಿಲ್ಲಿಸುವವರು ಕಥೆಯ ಭಾರವನ್ನು ಕಳೆದುಕೊಳ್ಳುತ್ತಾರೆ.

ಗಮಾಲಿಯೇಲನ ಪದಚ್ಯುತಿ

ನಾಯಕತ್ವದ ವಿಷಯದಲ್ಲಿ ತಾಲ್ಮುದಿನ ಅತಿ ಸಮೃದ್ಧ ಪ್ರಸಂಗ ಇದೇ ಗಮಾಲಿಯೇಲನದು. ಬೆರಾಖೋತ್ ಪ್ರಕರಣದಲ್ಲಿ ಇದು ಬರುತ್ತದೆ. ಯಾವ್ನೆಯ ವಿದ್ಯಾಪೀಠದ ಮುಖ್ಯಸ್ಥನಾಗಿದ್ದ ಅವನು ಸಂಜೆಯ ಪ್ರಾರ್ಥನೆ ಕಡ್ಡಾಯವೆಂದಿದ್ದ. ರಬ್ಬಿ ಯೆಹೋಶುವ ಅದನ್ನು ಐಚ್ಛಿಕವೆಂದು ವಿದ್ಯಾರ್ಥಿಯೊಬ್ಬನಿಗೆ ಹೇಳಿದ್ದ. ಗಮಾಲಿಯೇಲ್ ತುಂಬಿದ ಸಭೆಯಲ್ಲಿ ಯೆಹೋಶುವನನ್ನು ಎಬ್ಬಿಸಿ ನಿಲ್ಲಿಸಿ, ತಾನು ಕೂತು ಪಾಠ ಮುಂದುವರಿಸಿದ. ಹಿಂದೆಯೂ ಎರಡು ಸಲ ಯೆಹೋಶುವನಿಗೆ ಇಂಥ ಅವಮಾನವಾಗಿತ್ತು. ಸಭೆ ಗೊಣಗತೊಡಗಿತು, ಪಾಠ ನಿಲ್ಲಿಸಿತು, ಮುಖ್ಯಸ್ಥನನ್ನೇ ಇಳಿಸಿತು. ಅವನ ಜಾಗಕ್ಕೆ 18 ವರ್ಷದ ಎಲಾಜಾರ್ ಬೆನ್ ಅಜರ್ಯನನ್ನು ಆರಿಸಿದರು. ಒಳಗೂ ಹೊರಗೂ ಒಂದೇ ಆಗಿರದವರು ಪಾಠಶಾಲೆಗೆ ಬರಬಾರದೆಂದು ಗಮಾಲಿಯೇಲ್ ಬಾಗಿಲಲ್ಲಿ ಕಾವಲಿಟ್ಟಿದ್ದ. ಆ ದಿನ ಕಾವಲುಗಾರನನ್ನು ತೆಗೆದರು. ಕೂರಲು 400 ಬೆಂಚು ಸೇರಿಸಬೇಕಾಯಿತೆಂದು ಒಬ್ಬರು, 700 ಎಂದು ಇನ್ನೊಬ್ಬರು ಹೇಳುತ್ತಾರೆ. ಇಷ್ಟು ಜನರನ್ನು ತೋರಾದಿಂದ ದೂರ ಇಟ್ಟೆನಲ್ಲಾ ಎಂದು ಗಮಾಲಿಯೇಲ್ ಕೊರಗಿದ.

ಪದವಿ ಹೋದರೂ ಅವನು ಒಂದು ಗಳಿಗೆಯೂ ಪಾಠಶಾಲೆ ಬಿಡಲಿಲ್ಲ. ಅದೇ ದಿನ ಯೆಹೋಶುವನೊಡನೆ ವಾದಿಸಿ ಸೋತು, ಕ್ಷಮೆ ಕೇಳಲು ಅವನ ಮನೆಗೆ ಹೋದ. ಮನೆಯ ಗೋಡೆಗಳು ಕಪ್ಪಾಗಿದ್ದವು. ನೀನು ಇದ್ದಿಲಿನ ಕಸುಬಿನವನೆಂದು ಗೋಡೆಯೇ ಹೇಳುತ್ತದೆ ಎಂದ ಗಮಾಲಿಯೇಲ್. ವಿದ್ವಾಂಸರು ಹೇಗೆ ಹೊಟ್ಟೆ ಹೊರೆಯುತ್ತಾರೆಂದೇ ತಿಳಿಯದ ನಿನ್ನಂಥವನು ಮುಖ್ಯಸ್ಥನಾದದ್ದು ಈ ಪೀಳಿಗೆಯ ದುರದೃಷ್ಟ ಎಂದು ಯೆಹೋಶುವ ಉತ್ತರಿಸಿದ. ಮೊದಲ ಸಲ ಕೇಳಿದಾಗ ಕ್ಷಮೆ ಸಿಗಲಿಲ್ಲ, ಮತ್ತೆ ಕೇಳಿದಾಗ ಸಿಕ್ಕಿತು. ಆಮೇಲೆ ಗಮಾಲಿಯೇಲನನ್ನು ಪದವಿಗೆ ಮರಳಿಸಿದರೂ ಎಳೆಯ ಎಲಾಜಾರನನ್ನು ಕೈಬಿಡಲಿಲ್ಲ, ಪಾಠದ ಸರದಿಯನ್ನು ಇಬ್ಬರಿಗೂ ಹಂಚಿದರು. ಅಧಿಕಾರದ ದರ್ಪ, ಸಂಸ್ಥೆಯ ಪ್ರತಿರೋಧ, ಬಾಗಿಲು ತೆರೆದಾಗ ಆದ ಲಾಭ, ಅನುಯಾಯಿಗಳ ಬದುಕು ಅರಿಯದ ನಾಯಕನ ಕುರುಡು, ಕ್ಷಮೆ ಕೇಳುವ ಕಷ್ಟ, ಎಲ್ಲರ ಮಾನ ಉಳಿಸುವ ಪರಿಹಾರ ಇವೆಲ್ಲವೂ ಎರಡು ಪುಟದೊಳಗೆ ಬಂದುಹೋಗುತ್ತವೆ.

ಮೌನದ ಹೊಣೆ

ದೇವಾಲಯದ ನಾಶಕ್ಕೆ ತಾಲ್ಮುದ್ ಕೊಡುವ ಕಾರಣಗಳಲ್ಲಿ ಒಂದು ಔತಣಕೂಟದ ಕಥೆ. ಕಮ್ಜಾ ಎಂಬ ಗೆಳೆಯನಿಗೆ ಹೋಗಬೇಕಿದ್ದ ಆಹ್ವಾನ ತಪ್ಪಿ ಬರ್ ಕಮ್ಜಾ ಎಂಬ ವೈರಿಗೆ ಹೋಯಿತು. ಎಲ್ಲರೆದುರು ಹೊರಗಟ್ಟಬೇಡ, ನನ್ನ ಊಟದ ಖರ್ಚು, ಬೇಕಾದರೆ ಇಡೀ ಔತಣದ ಖರ್ಚೇ ಕೊಡುತ್ತೇನೆ ಎಂದು ಬೇಡಿದರೂ ಮನೆಯೊಡೆಯ ಅವನನ್ನು ಕೈಹಿಡಿದು ಎಳೆದು ಹೊರಹಾಕಿದ. ಅಲ್ಲಿ ಕೂತಿದ್ದ ಪಂಡಿತರು ಬಾಯಿ ಬಿಡಲಿಲ್ಲ. ಆ ಮೌನದಿಂದ ಕೆರಳಿದ ಬರ್ ಕಮ್ಜಾ ಯಹೂದಿಗಳ ಮೇಲೆ ಚಕ್ರವರ್ತಿಗೆ ಚಾಡಿ ಹೇಳಿದ. ಚಕ್ರವರ್ತಿ ಅವನ ಕೈಯಲ್ಲಿ ದೇವಾಲಯಕ್ಕೆ ಕಳುಹಿಸಿದ ಬಲಿಪಶುವಿಗೆ ದಾರಿಯಲ್ಲಿ ಊನ ಮಾಡಿದ. ಅಪಾಯದ ಹೊತ್ತಿನಲ್ಲೂ ಜೆಕರ್ಯ ಬೆನ್ ಅವ್ಕುಲಾಸ್ ಎಂಬ ಪಂಡಿತ, ಊನವಾದ ಪಶುವನ್ನು ಅರ್ಪಿಸಬಾರದೆಂಬ ನಿಯಮ ಮೀರಲು ಹಿಂಜರಿದ. ಅವನ ಆ ಮಡಿವಂತಿಕೆಯೇ ದೇವಾಲಯವನ್ನು ಸುಟ್ಟಿತೆಂದು ರಬ್ಬಿ ಯೋಹಾನಾನ್ ದೂಷಿಸುತ್ತಾನೆ. ಸೋತ ಜನಾಂಗವೊಂದು ತನ್ನ ಮಹಾವಿಪತ್ತಿಗೆ ರೋಮನ್ ಸೈನ್ಯವನ್ನಷ್ಟೇ ಹೊಣೆಮಾಡದೆ, ತನ್ನ ಪಂಡಿತರ ಮೌನವನ್ನು ಮುಂದಿಟ್ಟು ನೋಡಿದ ಧೈರ್ಯ ಇದರಲ್ಲಿದೆ.

ಮಧ್ಯಯುಗದಿಂದ ಮುಸಾರ್ ಚಳವಳಿಯವರೆಗೆ

ಮಧ್ಯಯುಗದಲ್ಲಿಯೂ ಅದರ ನಂತರವೂ ಈ ಅಧ್ಯಯನ ಹಿಂಸೆಯ ನೆರಳಿನಲ್ಲಿ ನಡೆಯಿತು. 1242ರಲ್ಲಿ ಪ್ಯಾರಿಸ್ಸಿನಲ್ಲಿಯೂ 1553ರಲ್ಲಿ ರೋಮಿನಲ್ಲಿಯೂ ತಾಲ್ಮುದಿನ ಪ್ರತಿಗಳನ್ನು ರಾಶಿ ಹಾಕಿ ಸುಟ್ಟರು. ಮಧ್ಯಯುಗದ ದೊಡ್ಡ ಚಿಂತಕ ಮೈಮೋನಿಡಿಸ್ (1138–1204) ಇಡೀ ಧರ್ಮಶಾಸ್ತ್ರವನ್ನು ಮಿಷ್ನೆ ತೋರಾ ಎಂಬ 14 ಭಾಗಗಳ ಗ್ರಂಥದಲ್ಲಿ ಕ್ರಮಗೊಳಿಸಿದ. ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿ, ಮತ್ತೆ ಕೈಚಾಚದಂತೆ ಬಡವನಿಗೆ ಸಾಲ, ಪಾಲುದಾರಿಕೆ ಅಥವಾ ಕೆಲಸ ಕೊಡುವುದನ್ನು ಮೇಲಿನ ಮೆಟ್ಟಿಲಲ್ಲಿಟ್ಟ. ವಿದ್ಯೆಯನ್ನು ಹೊಟ್ಟೆಪಾಡಿನ ಸಾಧನ ಮಾಡಿಕೊಳ್ಳಬಾರದೆಂದು ಕಟುವಾಗಿ ಬರೆದ. ತನ್ನನ್ನು ಸಲಹುತ್ತಿದ್ದ ವ್ಯಾಪಾರಿ ತಮ್ಮ ದಾವೀದ ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ ಮೇಲೆ ವೈದ್ಯವೃತ್ತಿಯಿಂದ ಬದುಕಿದ.

ಹತ್ತೊಂಬತ್ತನೇ ಶತಮಾನದ ಲಿಥುವೇನಿಯದಲ್ಲಿ ಓದಿನ ಗುರಿಯ ಬಗ್ಗೆಯೇ ಚರ್ಚೆ ಎದ್ದಿತು. ವೊಲೋಝಿನ್ನಿನ ರಬ್ಬಿ ಹಾಯೀಮ್ ಶತಮಾನದ ಆರಂಭದಲ್ಲಿ ಕಟ್ಟಿದ ಯೆಷಿವಾ ತೋರಾವನ್ನು ತೋರಾಕ್ಕಾಗಿಯೇ ಓದಬೇಕೆಂಬ ಆದರ್ಶವನ್ನು ಎತ್ತಿಹಿಡಿಯಿತು. ರಬ್ಬಿ ಇಸ್ರೇಲ್ ಸಲಾಂತೇರ್ ಅವರಿಗೆ (ನಿಧನ 1883) ಅಷ್ಟು ಸಾಲದೆನಿಸಿತು. ಬುದ್ಧಿ ಹರಿತವಾದ ಮಾತ್ರಕ್ಕೆ ಸ್ವಭಾವ ಸುಧಾರಿಸುವುದಿಲ್ಲ, ಅದಕ್ಕೆ ಪ್ರತ್ಯೇಕ ಸಾಧನೆ ಬೇಕು ಎಂದು ಅವರು ವಾದಿಸಿದರು. ಇದರಿಂದ ಮುಸಾರ್ (ನೀತಿಶಿಕ್ಷಣ) ಚಳವಳಿ ಹುಟ್ಟಿತು. ಸ್ಲಾಬೋದ್ಕಾ, ಕೆಲ್ಮ್, ನೊವಾರ್ದೋಕ್ ಶಾಲೆಗಳು ಇದನ್ನು ಮೂರು ಬೇರೆ ಬೇರೆ ರೀತಿಯಲ್ಲಿ ಬೆಳೆಸಿದವು. ವಿಲ್ನಾದಲ್ಲಿ 1848ರ ಕಾಲರಾ ಹೊತ್ತಿನಲ್ಲಿ, ಜೀವ ಉಳಿಸುವುದಕ್ಕಾಗಿ ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತ ದಿನದ ಉಪವಾಸ ಬಿಡಲು ಸಲಾಂತೇರ್ ಜನರಿಗೆ ಹೇಳಿದ್ದು ಪ್ರಸಿದ್ಧ. ಊಟಕ್ಕೆ ಮೊದಲು ವಿಧಿಪೂರ್ವಕ ಕೈತೊಳೆಯುವಾಗ ಅವರು ಅತಿ ಕಡಿಮೆ ನೀರು ಬಳಸುತ್ತಿದ್ದರೆಂದೂ, ಆ ನೀರನ್ನು ಬಾವಿಯಿಂದ ಹೊತ್ತು ತರುವ ಕೆಲಸದಾಕೆಯ ಬೆನ್ನಿನ ಮೇಲೆ ತಮ್ಮ ಭಕ್ತಿಯ ಭಾರ ಹೇರಬಾರದೆಂಬುದು ಅವರ ಕಾರಣವೆಂದೂ ಅವರ ಶಿಷ್ಯಪರಂಪರೆ ನೆನೆಯುತ್ತದೆ.

ಇಪ್ಪತ್ತನೇ ಶತಮಾನ ಮತ್ತು ಆಮೇಲೆ

ರಬ್ಬಿ ಮೇಯರ್ ಶಪಿರೋ 1923ರಲ್ಲಿ ವಿಯೆನ್ನಾದ ಸಮ್ಮೇಳನದಲ್ಲಿ ದಾಫ್ ಯೋಮಿ ಯೋಜನೆ ಮುಂದಿಟ್ಟರು. ಜಗತ್ತಿನಾದ್ಯಂತ ಎಲ್ಲರೂ ದಿನಕ್ಕೆ ಒಂದೇ ಹಾಳೆ ಓದಿ, 2711 ದಿನಗಳಲ್ಲಿ, ಅಂದರೆ ಸುಮಾರು ಏಳೂವರೆ ವರ್ಷದಲ್ಲಿ ಬ್ಯಾಬಿಲೋನಿಯದ ತಾಲ್ಮುದನ್ನು ಮುಗಿಸುವುದು ಇದರ ಕ್ರಮ. ಹದಿನಾಲ್ಕನೇ ಆವರ್ತನ 2020ರ ಜನವರಿ 5ರಂದು ಆರಂಭವಾಯಿತು.

ಮಹಿಳೆಯರಿಗೆ ಈ ಓದಿನ ಬಾಗಿಲು ಬಹುಕಾಲ ಮುಚ್ಚಿತ್ತು. ಹೆಣ್ಣುಮಗಳಿಗೆ ತೋರಾ ಕಲಿಸಲೇಬೇಕೆಂಬ ಬೆನ್ ಅಜ್ಜಾಯ್‌ನ ಮಾತೂ ಕೂಡದೆಂಬ ರಬ್ಬಿ ಎಲಿಯೆಜರನ ಮಾತೂ ಮಿಷ್ನಾದಲ್ಲಿ ಅಕ್ಕಪಕ್ಕ ಇವೆ. ಶತಮಾನಗಳ ಕಾಲ ಎರಡನೆಯದೇ ಗೆದ್ದಿತ್ತು. 1917ರಲ್ಲಿ ಕ್ರಾಕೋವ್‌ನಲ್ಲಿ ಹೊಲಿಗೆ ಕಸುಬಿನ ಸಾರಾ ಶೆನಿರೇರ್ ಹೆಣ್ಣುಮಕ್ಕಳಿಗಾಗಿ ಬೈತ್ ಯಾಕೋವ್ ಶಾಲೆ ತೆರೆದರು. ಜೆರುಸಲೇಮಿನ ನೆಹಾಮಾ ಲೈಬೊವಿಟ್ಜ್ (1905–1997) 1942ರಿಂದ ವಾರದ ತೋರಾ ಭಾಗದ ಮೇಲೆ ಪ್ರಶ್ನೆಪತ್ರಿಕೆಗಳನ್ನು ಅಂಚೆಯಲ್ಲಿ ಕಳುಹಿಸಿ, ಬಂದ ಉತ್ತರಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುತ್ತಿದ್ದರು. ಇಂದು ಮಹಿಳೆಯರ ತಾಲ್ಮುದ್ ಪಾಠಶಾಲೆಗಳು ಹಲವು ದೇಶಗಳಲ್ಲಿವೆ.

ತತ್ವಜ್ಞಾನಿ ಇಮ್ಯಾನ್ಯುಯೆಲ್ ಲೆವಿನಾಸ್ (1906–1995) ಪ್ಯಾರಿಸ್ಸಿನಲ್ಲಿ ಕೊಟ್ಟ ತಾಲ್ಮುದ್ ಉಪನ್ಯಾಸಗಳು, ಎದುರಿಗಿರುವವರ ಬಗೆಗಿನ ಹೊಣೆಯೇ ಮೊದಲ ತತ್ವವೆಂಬ ಅವರ ಚಿಂತನೆಗೆ ಜೊತೆಯಾದವು. ಬ್ರಿಟನ್ನಿನ ಮುಖ್ಯ ರಬ್ಬಿಯಾಗಿದ್ದ ಜೋನಾಥನ್ ಸ್ಯಾಕ್ಸ್ (1948–2020) ವಾರದ ತೋರಾ ಭಾಗಗಳಿಂದ ನಾಯಕತ್ವದ ಪಾಠಗಳನ್ನು ತೆಗೆದು 2015ರಲ್ಲಿ ಪುಸ್ತಕವಾಗಿ ತಂದರು. ಅಧಿಕಾರ ಬೇರೆ, ಪ್ರಭಾವ ಬೇರೆ ಎಂಬುದು ಅವರ ಮುಖ್ಯ ವಿಚಾರ. ಆಡಿನ್ ಸ್ಟೈನ್‌ಸಾಲ್ಟ್ಜ್ (1937–2020) ಇಡೀ ತಾಲ್ಮುದನ್ನು ಆಧುನಿಕ ಹೀಬ್ರೂವಿಗೆ ತಂದು ಸಾಮಾನ್ಯ ಓದುಗರ ಕೈಗಿಟ್ಟರು. ಸೆಫಾರಿಯಾ ಎಂಬ ಡಿಜಿಟಲ್ ಗ್ರಂಥಾಲಯ ಮೂಲವನ್ನೂ ಅನುವಾದವನ್ನೂ ಉಚಿತವಾಗಿ ಒದಗಿಸುತ್ತಿದೆ.

ಭಾರತದ ನಂಟು

ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಉತ್ತರ ಆಫ್ರಿಕದ ಯಹೂದಿ ವರ್ತಕ ಮಂಗಳೂರಿನಲ್ಲಿ ಸುಮಾರು 17 ವರ್ಷ ನೆಲೆಸಿ, ಸಂಬಾರ ಪದಾರ್ಥಗಳ ವ್ಯಾಪಾರವನ್ನೂ ಕಂಚಿನ ಕಾರ್ಖಾನೆಯನ್ನೂ ನಡೆಸಿದ. ಅವನ ಕಾಗದಪತ್ರಗಳು ಕೈರೋದ ಸಿನಗಾಗ್ ಒಂದರ ಗೆನಿಜಾದಲ್ಲಿ, ಅಂದರೆ ಹಳೆಯ ಬರಹಗಳ ಉಗ್ರಾಣದಲ್ಲಿ ಉಳಿದುಬಂದವು. ಆಶು ಎಂಬ ದಾಸಿಗೆ ಬಿಡುಗಡೆ ಕೊಟ್ಟು 1132ರಲ್ಲಿ ಮಂಗಳೂರಿನಲ್ಲಿ ಬರೆದ ವಿಮೋಚನಾ ಪತ್ರ ಅವುಗಳಲ್ಲಿ ಒಂದು. ಇಂಥ ಪತ್ರಗಳ ವಿಧಿ ತಾಲ್ಮುದಿನ ಕಾನೂನಿನಿಂದ ಬಂದದ್ದು. ಹೀಗೆ ತಾಲ್ಮುದಿನ ಶಾಸ್ತ್ರ ಕರಾವಳಿಯ ಒಂದು ಮನೆಯಲ್ಲಿ ಒಬ್ಬಾಕೆಯ ಬದುಕನ್ನೇ ಬದಲಿಸಿತು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ ಕೃತಿ ಈ ಕುಟುಂಬದ ಕಥೆಯನ್ನು ಲೋಕಕ್ಕೆ ಪರಿಚಯಿಸಿತು. ಕೊಚ್ಚಿಯ ಮಟ್ಟಂಚೇರಿಯ ಪರದೇಶಿ ಸಿನಗಾಗ್ 1568ರಷ್ಟು ಹಳೆಯದು. ಕೊಂಕಣದ ಬೆನೆ ಇಸ್ರಾಯೇಲ್ ಸಮುದಾಯ ಸಬ್ಬತ್ ಆಚರಣೆಯನ್ನು ಉಳಿಸಿಕೊಂಡು ಬಂದಿದ್ದರೂ ತಾಲ್ಮುದ್ ಸಾಹಿತ್ಯದ ಪರಿಚಯ ಅವರಿಗೆ ತಡವಾಗಿ ಆಯಿತು.

ವಿಮರ್ಶೆ ಮತ್ತು ಮೌಲ್ಯ

ಈ ಗ್ರಂಥಗಳಲ್ಲಿ ಇಂದಿನ ನೈತಿಕ ಪ್ರಜ್ಞೆಗೆ ಒಪ್ಪದ ಭಾಗಗಳಿವೆ. ಗುಲಾಮಗಿರಿಯನ್ನು ಅವು ನಿಯಂತ್ರಿಸುತ್ತವೆಯೇ ಹೊರತು ನಿಷೇಧಿಸುವುದಿಲ್ಲ. ಮಹಿಳೆಯರ ಸಾಕ್ಷ್ಯಕ್ಕೂ ಅನ್ಯಧರ್ಮೀಯರ ಹಕ್ಕುಗಳಿಗೂ ಮಿತಿ ಹಾಕುತ್ತವೆ. ಇದನ್ನು ಪರಂಪರೆಯ ಒಳಗಿನವರೇ ಎದುರಿಸಿದ್ದಾರೆ. ಅನ್ಯರ ಮೇಲಿನ ಅನೇಕ ಕಟ್ಟಳೆಗಳು ಪ್ರಾಚೀನ ಕಾಲದ ಜನಾಂಗಗಳಿಗೆ ಸಂಬಂಧಿಸಿದವು, ಧರ್ಮದ ಕಟ್ಟುಪಾಡಿಗೆ ಒಳಪಟ್ಟು ಬದುಕುವ ಜನರಿಗೆ ಅನ್ವಯಿಸುವುದಿಲ್ಲ ಎಂದು ಮಧ್ಯಯುಗದ ವ್ಯಾಖ್ಯಾನಕಾರ ಮೇಯಿರಿ (1249–ಸು. 1315) ಬರೆದದ್ದು ಇದಕ್ಕೆ ಉದಾಹರಣೆ.

ಇನ್ನೊಂದು ಆಕ್ಷೇಪ ಇತ್ತೀಚಿನದು. ಕಾರ್ಪೊರೇಟ್ ತರಬೇತಿಗೆಂದು ಇತ್ರೋನನ ಸಲಹೆಯನ್ನೋ ಹಿಲ್ಲೆಲನ ಸೌಮ್ಯತೆಯನ್ನೋ ಕಿತ್ತು ಸೂತ್ರವಾಗಿಸಿದರೆ, ಅವುಗಳ ಸುತ್ತಲಿನ ತೊಡಕು ಕಳಚಿಹೋಗುತ್ತದೆ. ಈ ಆಕ್ಷೇಪದಲ್ಲಿ ಹುರುಳಿದೆ. ಎಲಿಯೆಜರನ ಕಣ್ಣೀರಿಲ್ಲದೆ ಬಹುಮತದ ಪಾಠ ಅಪೂರ್ಣ, ಯೆಹೋಶುವನ ಕಪ್ಪುಗೋಡೆಗಳಿಲ್ಲದೆ ಗಮಾಲಿಯೇಲನ ಕ್ಷಮಾಯಾಚನೆ ಬರೀ ಶಿಷ್ಟಾಚಾರ. ಓದು ದೊಡ್ಡದೋ ಆಚರಣೆ ದೊಡ್ಡದೋ ಎಂಬ ಪ್ರಶ್ನೆ ಲೋದ್ ಪಟ್ಟಣದ ಒಂದು ಮಾಳಿಗೆಯಲ್ಲಿ ಕೂಡಿದ್ದ ಗುರುಗಳ ಮುಂದೆ ಬಂದಾಗ ತರ್ಫೋನ್ ಆಚರಣೆಯೆಂದ, ಅಕಿವಾ ಓದೆಂದ. ಆಚರಣೆಗೆ ಕರೆದೊಯ್ಯುವುದರಿಂದ ಓದೇ ದೊಡ್ಡದೆಂದು ಸಭೆ ತೀರ್ಮಾನಿಸಿತು. ಈ ತೀರ್ಮಾನ ಓದಿಗೆ ಒಂದು ಷರತ್ತನ್ನೂ ಹಾಕಿದೆ: ಕೂಲಿಯವನ ಹೊದಿಕೆ ಅವನಿಗೆ ಮರಳಬೇಕು, ಅವಮಾನಿತನ ಪರವಾಗಿ ಯಾರಾದರೂ ಬಾಯಿ ತೆರೆಯಬೇಕು, ಮುಖ್ಯಸ್ಥ ಕ್ಷಮೆ ಕೇಳಲು ಬಾಗಿಲಿಗೆ ಬರಬೇಕು. ಅಷ್ಟಾಗದಿದ್ದರೆ ಎಷ್ಟು ಪುಟ ಮುಗಿಸಿದರೂ ಆ ಓದು ಇನ್ನೂ ಮುಗಿದಿಲ್ಲವೆಂದೇ ಈ ಪರಂಪರೆ ಎಣಿಸುತ್ತದೆ.